ಎಡಕ್ಕೆ ಸುತ್ತಿದ ಬಳ್ಳಿ

ನನ್ನ ಗಂಡನ ಎಲುಬುಗಳನ್ನು ಮಣ್ಣಿನಿಂದ ಎತ್ತುವ ದಿನ ಗೊತ್ತುಮಾಡಲು ಪಾದ್ರಿ ಪಾಪಾ ಸ್ಟ್ರಾತಿಸ್ ಮನೆಗೆ ಬಂದಾಗ, ನಾನೂ ನನ್ನ ಮಾವನೂ ಮಾತು ಬಿಟ್ಟು ವಾರದ ಮೇಲಾಗಿತ್ತು. ಊಟ ಒಂದೇ ಮೇಜಿನಲ್ಲಿ. ಆದರೆ ಉಪ್ಪು ಬೇಕೆಂದರೂ ನಡುವೆ ನನ್ನ ಮಗಳು ಝಂಬೆತಾ ಬೇಕಾಗಿತ್ತು.

“ಝಂಬೆತಾ, ಆ ಉಪ್ಪು ಈ ಕಡೆ ತಳ್ಳೋಕೆ ಹೇಳು ನಿಮ್ಮಮ್ಮಂಗೆ,” ಎಂದರು ಮಾವ. ನಾನು ಕೂತಿದ್ದದ್ದು ಅವರಿಂದ ಒಂದು ಮೊಳ ದೂರದಲ್ಲಿ.

“ನಿನ್ನ ಕೈಗೇ ಸಿಗುತ್ತಲ್ಲ ತಾತ!”

“ನನ್ನ ಕೈಗೆ ಸಿಗೋದನ್ನೆಲ್ಲ ಕಡಿದು ಹಾಕ್ಬೇಕು ಅಂತ ಹೊರಟಿದ್ದಾಳಲ್ಲ, ಅದಕ್ಕೇ ಮುಟ್ಟೋಕೆ ಭಯ.”

ಬೇಯಿಸಿದ ಹಳದಿ ಬೇಳೆಗೆ ರೊಟ್ಟಿ ಅದ್ದುತ್ತ ಪಾದ್ರಿಗಳು ಮಾವನತ್ತ ನೋಡಿ ನಕ್ಕರು. ಹಿರಿಯರನ್ನು ನಮ್ಮಲ್ಲಿ ಬಾರ್ಬಾ ಎನ್ನುತ್ತಾರೆ. “ಏನು ಬಾರ್ಬಾ ಯಾಕುಮಿಸ್, ಉಪ್ಪಿಗೂ ಮಧ್ಯಸ್ಥಿಕೆ ನಡೀತಿದ್ಯಾ? ಶನಿವಾರ ಬೆಳಿಗ್ಗೆ ಮಾಂಥೊಸ್‌ನ ಎತ್ತೋಣ. ನಾಲ್ಕನೇ ಚಳಿಗಾಲ ಇದು, ಮಣ್ಣು ತನ್ನ ಕೆಲಸ ಮುಗಿಸಿರುತ್ತೆ. ತೊಳೆಯೋಕೆ ಕಪ್ಪು ವೈನ್ ಇದೆಯಷ್ಟೆ?”

“ಇದೆ. ಅವನ ಕೊನೇ ಸುಗ್ಗಿದು,” ಎಂದರು ಮಾವ. ಆಮೇಲೆ ಉಪ್ಪು ಹಾಕಿಕೊಳ್ಳದೆಯೇ ಎದ್ದು ಹೋದರು.

ನಮ್ಮ ಹಳ್ಳಿಯ ಸ್ಮಶಾನ ಚಿಕ್ಕದು. ಸತ್ತವರಿಗೆ ಮೂರು ನಾಲ್ಕು ವರ್ಷ ಮಣ್ಣು ಸಿಗುತ್ತದೆ, ಅಷ್ಟೇ. ಆಮೇಲೆ ಎಲುಬುಗಳನ್ನು ಎತ್ತಿ, ಮನೆಯ ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಪಕ್ಕದ ಕೋಣೆಗೆ ಸೇರಿಸುತ್ತೇವೆ. ಮಾಂಥೊಸ್ ಸತ್ತದ್ದು ಸುಗ್ಗಿಯ ಬೆಳಿಗ್ಗೆ, ಮೇಲಿನ ತೋಟದಲ್ಲಿ, ಎದೆ ಹಿಡಿದುಕೊಂಡು. ಪಕ್ಕದಲ್ಲಿ ಅವನು ಅರ್ಧ ತುಂಬಿದ್ದ ಹಣ್ಣಿನ ಬುಟ್ಟಿ ಇತ್ತು. ಶವಸಂಸ್ಕಾರ ಮುಗಿಸಿ ಬಂದ ಮಾವ ಯಾರೊಡನೆಯೂ ಮಾತಾಡದೆ ಆ ಹಣ್ಣನ್ನು ತುಳಿದು ಒಂದು ಸಣ್ಣ ಪೀಪಾಯಿಗೆ ತುಂಬಿಸಿಟ್ಟಿದ್ದರು. ಅದರ ಬಿರಡೆಯನ್ನು ಅಂದಿನಿಂದ ಯಾರೂ ತೆಗೆದಿರಲಿಲ್ಲ.

ನಮ್ಮ ಜಗಳವೂ ಆ ಮೇಲಿನ ತೋಟದ್ದೇ.

ಅಲ್ಲಿರುವುದು ಮಾವ್ರೋತ್ರಾಗಾನೊ ಎಂಬ ಕಪ್ಪು ದ್ರಾಕ್ಷಿ. ನಮ್ಮ ಇಡೀ ಸ್ಯಾಂಟೊರಿನಿ ದ್ವೀಪ ಬಿಳಿ ದ್ರಾಕ್ಷಿಯ ಹಿಂದೆ ಓಡಿದ ಕಾಲದಲ್ಲಿ ಅದನ್ನು ಕೀಳದೆ ಉಳಿಸಿಕೊಂಡ ಕೆಲವೇ ಮನೆಗಳಲ್ಲಿ ನಮ್ಮದೊಂದು. ನಮ್ಮ ಬಳ್ಳಿ ಚಪ್ಪರ ಹತ್ತುವುದಿಲ್ಲ, ಗಾಳಿ ಹತ್ತಲು ಬಿಡುವುದೂ ಇಲ್ಲ. ಚಳಿಗಾಲದಲ್ಲಿ ಅದರ ಕಡ್ಡಿಗಳನ್ನು ಬಗ್ಗಿಸಿ ನೆಲಕ್ಕೆ ಅಂಟಿಕೊಂಡಿರುವಂತೆ ಬುಟ್ಟಿಯಾಗಿ ಸುತ್ತುತ್ತೇವೆ. ಹಣ್ಣು ಬುಟ್ಟಿಯ ಒಳಗೆ ಬಿಡುತ್ತದೆ. ಸಮುದ್ರದ ಕಡೆಯಿಂದ ಬರುವ ಬೆಳಗಿನ ಮಂಜು ಬುಟ್ಟಿಗಿಳಿದು ಜ್ವಾಲಾಮುಖಿಯ ಬೂದಿಮಣ್ಣಿಗೆ ಸೇರುತ್ತದೆ, ಬಳ್ಳಿ ಅದನ್ನು ಕುಡಿದೇ ಬದುಕುತ್ತದೆ. ಪ್ರತಿ ವರ್ಷ ಹಳೆಯ ಸುತ್ತಿನ ಮೇಲೆ ಹೊಸ ಸುತ್ತು. ಒಬ್ಬ ಮನುಷ್ಯನ ಆಯುಷ್ಯ ಕಳೆಯುವ ಹೊತ್ತಿಗೆ ಬುಟ್ಟಿ ದಪ್ಪಗಾಗಿ, ಬೇರಿನ ರಸ ತುದಿ ಮುಟ್ಟಲಾರದೆ ಬಳ್ಳಿ ಸೊರಗುತ್ತದೆ. ಆಗ ಬುಟ್ಟಿಯನ್ನು ಬುಡಕ್ಕೆ ಕಡಿಯಬೇಕು. ಬೇರಿನಲ್ಲಿ ಜೀವವಿದ್ದರೆ ವಸಂತಕ್ಕೆ ಹೊಸದಾಗಿ ಚಿಗುರುತ್ತದೆ. ಇಲ್ಲದಿದ್ದರೆ ಇಲ್ಲ.

ಇದನ್ನೆಲ್ಲ ನನಗೆ ಕಲಿಸಿದವರೇ ಮಾವ. ನಾನು ನಾಕ್ಸೋಸ್ ದ್ವೀಪದವಳು. ನಮ್ಮಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಮದುವೆಯಾಗಿ ಬಂದ ಮೊದಲ ಚಳಿಗಾಲವೇ ಮಾವ ನನ್ನ ಕೈಗೆ ಕತ್ತರಿ ಕೊಟ್ಟು, “ಬಾ ಆಲೂಗಡ್ಡೆ, ಇಲ್ಲಿ ಬೆಳೆ ನೆಲದ ಮೇಲಿರುತ್ತೆ, ಅಗೆಯೋಕೆ ಹೋಗ್ಬೇಡ,” ಎಂದಿದ್ದರು. ನಾನು ಸುತ್ತಿದ್ದನ್ನು ಅವರು ಬಿಚ್ಚುವರು, ಮತ್ತೆ ಸುತ್ತಿಸುವರು. ನಾಲ್ಕು ಚಳಿಗಾಲ ಬೈಸಿಕೊಂಡ ಮೇಲೆ ಒಂದು ದಿನ ಬುಟ್ಟಿಯ ಅಂಚಿನ ಮೇಲೆ ಬೆರಳಾಡಿಸಿ, “ಸರಿಯಾಗಿದೆ,” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅಂದು ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಿದ್ದೆ.

ಮಗನಿರುವಾಗ ಸೊಸೆಗೇಕೆ ಈ ವಿದ್ಯೆ ಎಂದು ಆಗ ನನಗೂ ಅನಿಸಿತ್ತು. ಕಾರಣವನ್ನು ಕಾಫಿ ಅಂಗಡಿಯವರೇ ನನಗೆ ನಗುನಗುತ್ತ ಹೇಳಿದರು. ಮಾಂಥೊಸ್ ಎಡಗೈಯವನು. ನಮ್ಮ ಮನೆಯ ಪದ್ಧತಿಯಲ್ಲಿ ಬುಟ್ಟಿ ಬಲಕ್ಕೇ ಸುತ್ತಬೇಕು, ಆಗ ಬಡಗಣ ಗಾಳಿ ಬೀಸಿದಷ್ಟೂ ಅದು ಬಿಗಿಯಾಗುತ್ತದೆ ಎಂದು ಮಾವ ನಂಬಿದವರು. ಹುಡುಗನಾಗಿದ್ದಾಗ ಮಾಂಥೊಸ್‌ಗೆ ಮೊದಲ ಸಲ ಒಂದು ಎಳೆ ಬಳ್ಳಿಯನ್ನು ಕೊಟ್ಟರೆ, ಅವನು ಅಪ್ಪ ಊಟ ಮುಗಿಸಿ ಬರುವಷ್ಟರಲ್ಲಿ ಅದನ್ನು ಚೆಂದವಾಗಿ ಎಡಕ್ಕೆ ಸುತ್ತಿ, ಮೆಚ್ಚುತ್ತಾರೆಂದು ಪಕ್ಕದಲ್ಲಿ ನಿಂತಿದ್ದನಂತೆ. ಒಮ್ಮೆ ಸುತ್ತಿದ್ದನ್ನು ತಿರುಗಿಸಲು ಹೋದರೆ ಎಳೆ ಬಳ್ಳಿ ಮುರಿಯುತ್ತದೆ. ಮಾವನಿಗೆ ಕೋಪ ಮೂಗಿನ ತುದಿಯಲ್ಲೇ. ಕೆಲಸಗಾರರೆಲ್ಲರ ಎದುರಿಗೆ, “ನಿನ್ನ ಕೈಗೆ ಬಳ್ಳಿ ಕೊಡೋದೂ ಒಂದೇ, ಮೇಕೆಗೆ ಕೊಡೋದೂ ಒಂದೇ. ಇನ್ಮೇಲೆ ನನ್ನ ತೋಟದ ಬುಟ್ಟಿ ಮುಟ್ಟಿದ್ರೆ ನೋಡು, ಎಡಚ!” ಎಂದರಂತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಡಚ ಎಂಬ ಹೆಸರು ಊರಿಗೆ ಹಬ್ಬಿ ನನ್ನ ಗಂಡ ಸಾಯುವವರೆಗೂ ಉಳಿಯಿತು. ಅವನು ಹಣ್ಣು ಕೊಯ್ದ, ತುಳಿದ, ಪೀಪಾಯಿ ಉರುಳಿಸಿದ, ಅಥೆನ್ಸಿನವರೆಗೆ ಹೋಗಿ ವೈನ್ ಮಾರಿದ. ಆದರೆ ಬುಟ್ಟಿ ಸುತ್ತುವ ಕಾಲ ಬಂದರೆ ಬೇರೆ ಏನೋ ಕೆಲಸ ಹುಡುಕಿಕೊಂಡು ಹೋಗುತ್ತಿದ್ದ. ನಾನೊಮ್ಮೆ ಬಲವಂತ ಮಾಡಿದಾಗ, “ಮೇಕೆಗೆ ಯಾರಾದ್ರೂ ಕತ್ತರಿ ಕೊಡ್ತಾರೇನೇ?” ಎಂದು ನಕ್ಕುಬಿಟ್ಟ. ನಗು ಮುಗಿದ ಮೇಲೆ ಅವನ ಮುಖ ಹೇಗಿತ್ತೆಂದು ನೋಡಿದವಳು ನಾನೊಬ್ಬಳೇ. ಅದಕ್ಕಾಗಿ ಮಾವನ ಮೇಲೆ ನನಗಿದ್ದ ಸಿಟ್ಟು ಎಷ್ಟು ವರ್ಷವಾದರೂ ಪೂರ್ತಿ ಇಳಿಯಲಿಲ್ಲ.

ಈಗಿನ ಮಾತಿಗೆ ಬರುತ್ತೇನೆ. ಮೂರು ಚಳಿಗಾಲ ಮಳೆ ಕೈಕೊಟ್ಟಿತು. ವಸಂತದಲ್ಲಿ ತೆಂಕಣ ಗಾಳಿ ಬಂದು ಹೂವನ್ನು ಸುಟ್ಟಿತು. ಕಳೆದ ಸುಗ್ಗಿಯಲ್ಲಿ ಮೇಲಿನ ತೋಟದ ಎಷ್ಟೋ ಬುಟ್ಟಿಗಳಲ್ಲಿ ಎಲೆ ಸರಿಸಿ ಸರಿಸಿ ನೋಡಿದರೂ ಒಂದು ಗೊಂಚಲು ಸಿಗಲಿಲ್ಲ. ತೋಟವನ್ನು ಈಗ ನನ್ನೊಡನೆ ನೋಡಿಕೊಳ್ಳುವವಳು ಝಂಬೆತಾ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ.

“ಅಮ್ಮ, ಇರೋದು ಎರಡೇ ದಾರಿ. ಸಮುದ್ರದ ನೀರು ಸೋಸಿ ಹೋಟೆಲುಗಳ ಈಜುಕೊಳಕ್ಕೆ ಬಿಡ್ತಾರಲ್ಲ, ಆ ಕೊಳವೇನ ತೋಟಕ್ಕೆ ಎಳೆಸೋಣ. ಇಲ್ಲಾಂದ್ರೆ ಎಲ್ಲಾನೂ ಬುಡಕ್ಕೆ ಕಡಿಯೋಣ. ಮುಂದಿನ ವರ್ಷ ಅಂತ ಕೂತ್ರೆ ಬೇರೂ ಸಾಯುತ್ತೆ.”

“ಕೊಳವೆ ಬೇಡ. ಮೇಲೆ ನೀರು ಸಿಕ್ಕರೆ ಬೇರು ಮೇಲೇ ಬರುತ್ತೆ. ಆಮೇಲೆ ಒಂದು ದಿನ ನೀರು ನಿಂತ್ರೂ ಸಾಯೋದೇ.”

“ಹಾಗಾದ್ರೆ ತಾತನ್ನ ಒಪ್ಪಿಸು. ರಸ ಏರೋ ಮುಂಚೆ ಕಡೀಬೇಕು. ಈ ತಿಂಗಳು ಮುಗಿಯೋದ್ರೊಳಗೆ ಒಪ್ಪದಿದ್ರೆ ನಾನು ಕೊಳವೆಗೆ ಹೇಳಿಬಿಡ್ತೀನಿ. ಕಣ್ಣೆದುರಿಗೆ ಸಾಯೋದನ್ನ ನೋಡ್ತಾ ಕೂರೋಕೆ ನನ್ನಿಂದಾಗಲ್ಲ.”

ಮಾವ ಒಪ್ಪಲಿಲ್ಲ. ತಮ್ಮ ಅಪ್ಪ ಕಡಿದದ್ದನ್ನು ಕಂಡವರು, ತಾವೇ ಕೆಳಗಿನ ತೋಟವನ್ನು ಸಾಲುಸಾಲಾಗಿ ಕಡಿದವರು. ಮೇಲಿನ ತೋಟವೆಂದರೆ ಮಾತ್ರ, “ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ,” ಎನ್ನುವರು. ಕೊನೆಗೊಂದು ಬೆಳಿಗ್ಗೆ ನಾನು ಗರಗಸ ಹಿಡಿದುಕೊಂಡು ತೋಟಕ್ಕೆ ಹೋದೆ. ಮಾವ ಕೋಲೂರಿಕೊಂಡು ಹಿಂದೆಯೇ ಬಂದರು. ನಾನು ಮೊದಲ ಸಾಲಿನ ಬಳ್ಳಿಗೆ ಬಗ್ಗುತ್ತಿದ್ದಂತೆ ಅವರು ಕಾಲೆತ್ತಿ ಬುಟ್ಟಿಯೊಳಗೆ ಇಟ್ಟು, ಎಂಬತ್ತು ದಾಟಿದ ಮನುಷ್ಯ, ಗೂಡಿನಲ್ಲಿ ಕೋಳಿ ಕೂತಂತೆ ಕೂತುಬಿಟ್ಟರು.

“ಕಡಿ. ನನ್ನನ್ನೂ ಸೇರಿಸಿ ಕಡಿ.”

“ಮಾವ, ನಾಚಿಕೆ ಆಗಲ್ವಾ ನಿಮಗೆ? ಏಳಿ ಮೇಲೆ!”

“ಏಳಲ್ಲ.”

“ನಿಮ್ಮ ಹಟಕ್ಕೆ ಈ ಕಪ್ಪು ದ್ರಾಕ್ಷಿ ಬೀಜ ಸಮೇತ ಹೋಗುತ್ತೆ. ಮಾಂಥೊಸ್ ಇದ್ದಿದ್ರೆ ನಿಮ್ಮನ್ನ ಎತ್ತಿ ಆ ಕಡೆ ಕೂರಿಸ್ತಿದ್ರು.”

“ಅವನ ಹೆಸರು ಎತ್ತಬೇಡ!”

“ಯಾಕೆ ಎತ್ತಬಾರದು? ಇದ್ದಾಗ ಬುಟ್ಟಿ ಮುಟ್ಟೋಕೂ ಬಿಡ್ಲಿಲ್ಲ ಅವರನ್ನ. ಈಗ ಅವರ ಮಗಳಿಗೂ ತೋಟ ಉಳಿಸೋಲ್ಲ ಅಂತೀರ?”

ನಾನು ಆಡಿದ್ದು ಸುಳ್ಳಲ್ಲ, ಆದರೂ ಆಡಬಾರದಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗೊಣಗಿಕೊಂಡು ಗರಗಸವನ್ನು ಅಲ್ಲೇ ಎಸೆದು ಬಂದೆ. ಬುಟ್ಟಿಯಿಂದ ಅವರನ್ನು ಎಬ್ಬಿಸಿ, ಗರಗಸವನ್ನೂ ಎತ್ತಿಕೊಂಡು ಕರೆತಂದವಳು ಝಂಬೆತಾ. ಅಂದಿನಿಂದ ಉಪ್ಪಿಗೂ ಮಧ್ಯಸ್ಥಿಕೆ.

ಶನಿವಾರ ಗಾಳಿಯಿರಲಿಲ್ಲ. ಗುಂಡಿ ತೋಡುವವನು ಸಲಿಕೆಯಿಂದ ಮೇಲಿನ ಮಣ್ಣು ತೆಗೆದು ಪಕ್ಕಕ್ಕೆ ಸರಿದ. ಉಳಿದದ್ದು ಮನೆಯವರ ಕೆಲಸ. ನಾನೂ ಝಂಬೆತಾಳೂ ಮಂಡಿಯೂರಿ ಕೈಯಿಂದ ಮಣ್ಣು ಬಿಡಿಸಿದೆವು. ಎಲುಬು ಕಪ್ಪಾಗಿದ್ದರೆ ಸತ್ತವನ ಪಾಪವೆಂದು ಊರು ಏನೇನೋ ಆಡಿಕೊಳ್ಳುತ್ತದೆ. ಮಾಂಥೊಸ್‌ನ ಎಲುಬು ಹಣ್ಣಾದ ನಿಂಬೆಯ ಬಣ್ಣಕ್ಕಿತ್ತು. ನನಗೆ ಭಯವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ತಲೆ ಸಿಕ್ಕಾಗ ಅದನ್ನು ಎದೆಗೆ ಒತ್ತಿಕೊಂಡು, “ಬಂದ್ರಾ?” ಎಂದೆ. ಝಂಬೆತಾ ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು.

ಬಿಳಿ ಬಟ್ಟೆ ಹಾಸಿ, ತಾಮ್ರದ ಬೋಗುಣಿಯಲ್ಲಿ ವೈನ್ ತುಂಬಿಸಿದ್ದೆವು. ಅಂದೇ ಬೆಳಿಗ್ಗೆ ಬಿರಡೆ ತೆಗೆದ ವೈನ್ ಅದು. ಮನೆಯೆಲ್ಲ ಹಣ್ಣಿನ ವಾಸನೆ ಹರಡಿದಾಗ ಮಾವ ಹೊರಗೆ ಹೋಗಿ ನಿಂತಿದ್ದರು. ತೊಳೆಯುವುದು ಹೆಂಗಸರ ಕೆಲಸ, ಗಂಡಸರು ಟೋಪಿ ತೆಗೆದು ದೂರ ನಿಲ್ಲುತ್ತಾರೆ. ನಾವು ತೊಳೆತೊಳೆದು ಬಟ್ಟೆಯ ಮೇಲಿಡುತ್ತಿದ್ದೆವು. ಪಾದ್ರಿಗಳು ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದರು. ಕೋಲಿನ ಸದ್ದು ಕೇಳಿ ತಲೆಯೆತ್ತಿದರೆ ಮಾವ ನನ್ನ ಪಕ್ಕದಲ್ಲಿದ್ದರು.

“ಸೊಸೆ,” ಎಂದರು. ವಾರದ ಮೇಲೆ ನನಗೇ ನೇರವಾಗಿ ಆಡಿದ ಮೊದಲ ಮಾತು. “ಎಡಗೈ ಯಾವ್ದು?”

ತೋಳಿನ ಎಲುಬುಗಳು ಎರಡೂ ಕಡೆಯವು ಇನ್ನೂ ಗುಂಡಿಯಲ್ಲೇ ಇದ್ದವು. ನಾನು ಬಗ್ಗಿ ಒಂದು ಬದಿಯವನ್ನು ಎತ್ತಿದೆ.

“ಖಂಡಿತಾ ಅದೇನಾ?”

“ಅದೇ ಮಾವ. ನಾನು ಇಷ್ಟು ವರ್ಷ ಮಲಗಿದ್ದದ್ದು ಆ ಬದಿಗೇ.”

ಮಾವ ಮಂಡಿಯೂರಲು ಬಹಳ ಹೊತ್ತು ಹಿಡಿಯಿತು. ನಾವು ಯಾರೂ ಬೇಡವೆನ್ನಲಿಲ್ಲ. ಅವರು ಅಂಗಿಯ ತೋಳು ಮಡಿಸಿ, ಮಗನ ಎಡಗೈಯ ಎಲುಬುಗಳನ್ನು ಒಂದೊಂದಾಗಿ ವೈನಿನಲ್ಲಿ ಅದ್ದಿ ತೊಳೆದರು. ತೋಳಿನದು, ಮುಂಗೈಯದು, ಆಮೇಲೆ ಅಂಗೈಯ ಪುಡಿ ಎಲುಬುಗಳು. ಬೆರಳುಗಳದ್ದನ್ನು ಮಣ್ಣಿನಲ್ಲಿ ತಡಕಿ ಹುಡುಕಿದರು. ಎರಡು ಸಿಗಲಿಲ್ಲ. ಸಿಗದವನ್ನು ಬಿಟ್ಟು ಏಳಲು ಅವರು ಒಪ್ಪಲಿಲ್ಲ.

“ಸಾಕು ಬಾರ್ಬಾ,” ಎಂದರು ಪಾದ್ರಿಗಳು. “ಮಣ್ಣಿನ ಪಾಲು ಮಣ್ಣಿಗಿರಲಿ.”

“ಬೆರಳು ಪಾದ್ರಿಗಳೇ, ಬೆರಳು,” ಎಂದರು ಮಾವ. “ಬೆರಳು ಬೇಕು.”

ಕೊನೆಗೂ ಅವು ಸಿಕ್ಕವು, ಗುಂಡಿಯ ಅಂಚಿನಲ್ಲಿ. ಮಾವ ಅವನ್ನು ತೊಳೆದು ಕಣ್ಣಿಗೊತ್ತಿಕೊಂಡರು. ಅವರು ಅತ್ತದ್ದನ್ನು ನಾನು ಮಗ ಸತ್ತ ದಿನವೂ ಕಂಡಿರಲಿಲ್ಲ. ನನ್ನೊಳಗಿನ ಹಳೆಯ ಸಿಟ್ಟು ಅಲ್ಲೇ ಆ ಗುಂಡಿಯ ಪಕ್ಕದಲ್ಲಿ ಕರಗಿತು, ಯಾಕೆ ಎಂದು ಆಗ ನನಗೆ ಪೂರ್ತಿ ಗೊತ್ತಿರಲಿಲ್ಲ.

ಪೆಟ್ಟಿಗೆಯನ್ನು ಒಳಗಿಟ್ಟು, ಬಂದವರಿಗೆ ಸಕ್ಕರೆ ದಾಳಿಂಬೆ ಬೆರೆಸಿದ ಬೆಂದ ಗೋಧಿ ಹಂಚಿದೆವು. ಎಲುಬು ತೊಳೆದ ವೈನನ್ನು ಕಂಡಕಂಡಲ್ಲಿ ಚೆಲ್ಲುವಂತಿಲ್ಲ, ಯಾರೂ ತುಳಿಯದ ಕಡೆ ಹೊಯ್ಯಬೇಕು. ನಾನು ಬೋಗುಣಿ ಎತ್ತಿಕೊಂಡು ಚರ್ಚಿನ ಹಿಂದಕ್ಕೆ ಹೊರಟಾಗ ಮಾವ ತಡೆದರು.

“ಅಲ್ಲಿ ಬೇಡ. ಮೇಲಿನ ತೋಟಕ್ಕೆ ತಗೊಂಡು ಬಾ. ಗರಗಸಾನೂ ತಗೋ.”

ಝಂಬೆತಾ ಮನೆಗೆ ಓಡಿ ಗರಗಸ ತಂದಳು.

ತೋಟದಲ್ಲಿ ಮಾವ ಸಾಲುಗಳನ್ನು ದಾಟಿ ಕಲ್ಲುಗೋಡೆಯ ಮೂಲೆಗೆ ನಡೆದರು. ಆ ಮೂಲೆ ಅವರದ್ದು. ನಾನು ಮದುವೆಯಾಗಿ ಬಂದಂದಿನಿಂದ ಅಲ್ಲಿಯ ನಾಲ್ಕಾರು ಬಳ್ಳಿಗಳನ್ನು ಸವರುವುದೂ ಸುತ್ತುವುದೂ ಅವರೇ, ಕೊಯ್ಯುವುದೂ ಅವರೇ. ನಾನು ಅತ್ತ ಹೋದರೆ, “ಆಲೂಗಡ್ಡೆ, ಆ ಕಡೆ ನೋಡ್ಕೋ,” ಎಂದು ಅಟ್ಟುತ್ತಿದ್ದರು. ಮುದುಕರಿಗೆ ಒಂದೊಂದು ಮೂಲೆಯ ಮೇಲೆ ಮೋಹವಿರುತ್ತದೆ ಎಂದು ನಾನು ಸುಮ್ಮನಾಗಿದ್ದೆ.

ಗೋಡೆಗೆ ಒತ್ತಿಕೊಂಡಿದ್ದ ಬುಟ್ಟಿಯ ಪಕ್ಕದಲ್ಲಿ ಅವರು ನಿಂತರು. “ನೋಡು.”

ನೋಡಿದೆ. ಮೊದಲು ತಿಳಿಯಲಿಲ್ಲ. ಆಮೇಲೆ ಅಭ್ಯಾಸದಂತೆ ಬೆರಳಾಡಿಸಿದೆ, ಬೆರಳು ತಡವರಿಸಿತು. ಬುಟ್ಟಿ ಎಡಕ್ಕೆ ಸುತ್ತಿತ್ತು. ಒಳಗಿನ ಮೊದಲ ಸುತ್ತಿನಿಂದ ಕಳೆದ ವರ್ಷದ ಹೊರಸುತ್ತಿನವರೆಗೆ, ಎಲ್ಲವೂ ಎಡಕ್ಕೆ.

“ಒಳಗಿಂದು ಅವನು ಸುತ್ತಿದ್ದು,” ಎಂದರು ಮಾವ. “ಮೇಲಿಂದೆಲ್ಲ ನಾನು. ಪ್ರತಿ ವರ್ಷ. ಬಲಗೈಯವನಿಗೆ ಎಡಕ್ಕೆ ಸುತ್ತೋದು ಎಷ್ಟು ಕಷ್ಟ ಗೊತ್ತೇನು? ಮೊದಮೊದಲು ಕಡ್ಡಿ ಮುರಿದು ಮುರಿದು ಹಾಕ್ತಿದ್ದೆ. ಆಗ ಗೊತ್ತಾಯ್ತು ನಂಗೆ, ಆ ಮಗು ಎಷ್ಟು ನಾಜೂಕಾಗಿ ಸುತ್ತಿತ್ತು ಅಂತ. ಒಂದು ಗಾಳಿಗೂ ಇದು ಸಡಿಲ ಆಗ್ಲಿಲ್ಲ ಕಣಮ್ಮ. ನನ್ನವು ಆಗಿದಾವೆ, ಇದು ಆಗ್ಲಿಲ್ಲ.”

“ಅವರಿಗೆ ಹೇಳಿದ್ರಾ ಮಾವ?”

“ಪ್ರತಿ ಚಳಿಗಾಲ ಹೇಳೋಣ ಅಂದ್ಕೊಂಡೆ. ಅಪ್ಪ ಅನ್ನಿಸ್ಕೊಂಡೋನಿಗೆ ಬಾಯಿ ಬರ್ಬೇಕಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ... ಆಮೇಲೆ ಅವನೇ ಹೋದ.”

ಝಂಬೆತಾ ತಾತನ ಕೈ ಹಿಡಿದುಕೊಂಡಳು. “ಇದೊಂದನ್ನ ಬಿಡೋಣ ತಾತ. ಉಳಿದದ್ದು ಕಡಿಯೋಣ. ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ.”

“ಉಳಿದದ್ದು ಕಡಿದು ಇದರ ಹತ್ರ ಬಂದ್ರೆ, ಇದೊಂದು ಯಾಕೆ ಅಂತ ಕೇಳ್ತಿದ್ರಿ. ಏನು ಹೇಳ್ಲಿ?” ಮಾವ ತಲೆಯಾಡಿಸಿದರು. “ಬಿಡೋದು ಬೇಡ. ಈ ಸಲ ಇದೂ ಒಂದು ಗೊಂಚಲು ಬಿಡ್ಲಿಲ್ಲ. ಮೊದಲು ಇದನ್ನೇ ಕಡಿ ಮಗಳೇ. ಇದೂ ಬದುಕ್ಬೇಕಲ್ಲ.”

ಅವರು ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ನಾನು ಬಗ್ಗಿ ಗರಗಸವನ್ನು ಬುಡಕ್ಕಿಟ್ಟೆ. ಮಾಂಥೊಸ್‌ನ ಕೈ ಮುಟ್ಟಿದ್ದನ್ನು ನಾನೇ ಕಡಿಯಬೇಕಾಯಿತು. ಬುಟ್ಟಿ ಕಳಚಿ ಬಂದಾಗ ಬುಡವನ್ನು ನೋಡಿದೆವು. ಒಳಮರವೆಲ್ಲ ಒಣಗಿ ಕಪ್ಪಾಗಿತ್ತು. ಒಂದು ಬದಿಯಲ್ಲಿ ಮಾತ್ರ ಬೆರಳಗಲದಷ್ಟು ಹಸಿಯಿತ್ತು. ಮಾವ ಬೋಗುಣಿಯ ವೈನನ್ನು ಬುಡದ ಸುತ್ತ ನಿಧಾನವಾಗಿ ಹೊಯ್ದರು. ಬೂದಿಮಣ್ಣು ಅದನ್ನು ಹೀರಿಕೊಂಡಿತು.

“ಚಿಗುರಿದ್ರೆ, ಎಡಕ್ಕೇ ಸುತ್ತು,” ಎಂದರು.

ಆ ತಿಂಗಳು ತೋಟವನ್ನೆಲ್ಲ ಕಡಿದೆವು. ಬರಿ ಬೂದಿನೆಲದಲ್ಲಿ ಮೋಟುಗಳನ್ನು ನೋಡಿದ ಊರಿನವರು, ಯಾಕುಮಿಸ್ ಮನೆಯವರಿಗೆ ತಲೆ ಕೆಟ್ಟಿದೆ ಎಂದರು. ಏಪ್ರಿಲ್‌ನಲ್ಲಿ ಒಂದೊಂದಾಗಿ ಚಿಗುರತೊಡಗಿದವು. ಕೆಲವು ಏಳಲೇ ಇಲ್ಲ. ಪಕ್ಕದ ಬಳ್ಳಿ ಬೆಳೆದ ಮೇಲೆ ಅದರ ಕಡ್ಡಿಯನ್ನು ಮಣ್ಣಿನಲ್ಲಿ ಹುಗಿದು ಆ ಜಾಗಗಳನ್ನು ತುಂಬಬೇಕು ಎಂದು ಝಂಬೆತಾ ಗುರುತು ಹಾಕಿದಳು. ಕೊಳವೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಗೋಡೆಯ ಮೂಲೆಯ ಮೋಟು ಮಾತ್ರ ಸುಮ್ಮನಿತ್ತು. ಮಾವ ದಿನಾ ಹೋಗಿ ಅದರ ಪಕ್ಕದಲ್ಲಿ ಕೂತು ಬರುತ್ತಿದ್ದರು. ಏನಾಯಿತು ಎಂದು ನಾವು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಅಷ್ಟು ದಿನ ಉಪ್ಪು ಮುಟ್ಟದೆ ಉಣ್ಣುತ್ತಿದ್ದವರು ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ತೋಟದಿಂದ ಊಟಕ್ಕೆ ಬಂದು ತಾವೇ ಕೈ ಚಾಚಿ ಉಪ್ಪು ತೆಗೆದುಕೊಂಡರು. ನನಗೆ ತಿಳಿಯಿತು. ಓಡಿ ಹೋಗಿ ನೋಡಿದೆ, ಹಸಿಯಿದ್ದ ಬದಿಯಲ್ಲೇ ಕೆಂಪು ಬಣ್ಣದ ಒಂದು ಮೊಳಕೆ ಇತ್ತು.

ಮೊದಲ ಸುತ್ತಿಗೆ ಆಗುವಷ್ಟು ಕಡ್ಡಿ ಉದ್ದವಾಗಲು ಎರಡು ವರ್ಷ ಬೇಕಾಯಿತು. ಈ ಚಳಿಗಾಲ ನಾನು ಅದರ ಮುಂದೆ ಕೂತೆ. ಎಡಕ್ಕೆ ಸುತ್ತಲು ಕೈಗೆ ಬಾರದು. ಒಂದು ಕಡ್ಡಿ ಮುರಿಯಿತು, ಇನ್ನೊಂದು ಮುರಿಯುವುದರಲ್ಲಿತ್ತು. ಕಡೆಗೂ ಒಂದು ಸುತ್ತು ಕೂತಾಗ ಬೆನ್ನು ನೆಟ್ಟಗಾಗಲು ಒಪ್ಪುತ್ತಿರಲಿಲ್ಲ.

ಮಾವನಿಗೆ ಈಗ ಕಣ್ಣು ಕಾಣುವುದಿಲ್ಲ. ಮಾತಿನಲ್ಲೂ ಒಮ್ಮೊಮ್ಮೆ ಹಿಂದೆಂದೋ ಎಲ್ಲೋ ಇರುತ್ತಾರೆ. ಝಂಬೆತಾ ಅವರನ್ನು ಕೈಹಿಡಿದು ಕರೆತಂದು ಬಳ್ಳಿಯ ಪಕ್ಕದಲ್ಲಿ ಕೂರಿಸಿದಳು. ಅವರು ಬೆರಳನ್ನು ಬುಡದಲ್ಲಿಟ್ಟು, ಕಡ್ಡಿಯ ಮೇಲೆ ಮೆಲ್ಲಗೆ ಎಡಕ್ಕೆ ನಡೆಸುತ್ತ, ಪೂರ್ತಿ ಒಂದು ಸುತ್ತು ಬಂದು ಮತ್ತೆ ಬುಡ ಮುಟ್ಟಿದರು. ಇನ್ನೊಮ್ಮೆ ಸುತ್ತಿದರು. ಆಮೇಲೆ ತಲೆಯೆತ್ತಿ, ಯಾರೋ ಪಕ್ಕದಲ್ಲಿ ಕಾಯುತ್ತ ನಿಂತಿರುವ ಕಡೆಗೆಂಬಂತೆ ಮುಖ ತಿರುಗಿಸಿದರು.

“ಸರಿಯಾಗಿದೆ, ಮಾಂಥೊಸ್,” ಎಂದರು.

ಆ ಮಾತು ನನಗೆ ಹೇಳಿದ್ದಲ್ಲ.